ಚನ್ನವ್ವ ಕಡಲು ಕಂಡದ್ದು

ಮುರಗೋಡದ ಚನ್ನವ್ವನಿಗೆ ಕಡಲು ನೋಡಬೇಕೆಂಬ ಆಸೆ ಒಂದು ದಿನವೂ ಹುಟ್ಟಿರಲಿಲ್ಲ. ಆಸೆ ಹುಟ್ಟಿದ್ದು ಅವಳ ಮಗಳಿಗೆ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಧು ಏನಾದರೂ ಮನಸ್ಸಿಗೆ ತಂದುಕೊಂಡಳೆಂದರೆ ಮುಗಿಯಿತು, ಅಲ್ಲಿ ಯಾರ ಆಟವೂ ನಡೆಯುವುದಿಲ್ಲ. ಆ ಹಟ ಎಲ್ಲಿಂದ ಬಂತು ಎಂದು ಕೇಳಿದರೆ ಅವಳ ಅಪ್ಪ ಶಂಕರೆಪ್ಪ ಹೆಂಡತಿಯ ಕಡೆ ಬೊಟ್ಟು ಮಾಡುತ್ತಾನೆ, ಚನ್ನವ್ವ ಗಂಡನ ಕಡೆ.

ಹಿಂಗಾರಿ ಜೋಳದ ಬಿತ್ತನೆ ಮುಗಿದಿತ್ತು. ಸೋಯಾಬೀನ್ ಮನೆ ಸೇರಿತ್ತು. ಶೀಗಿ ಹುಣ್ಣಿಮೆಯ ದಿನ ಹೊಲಕ್ಕೆ ಹೋಗಿ ಬೆಳೆಗೆ ಚರಗದ ಎಡೆ ಚೆಲ್ಲಿ ಬಂದು ಒಂದು ವಾರವಾಗಿತ್ತು. ದಸರೆಯ ರಜೆ ಇನ್ನೂ ಉಳಿದಿದ್ದ ಮಧು, ಅವ್ವ ಅಪ್ಪ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು.

“ನಾಕ ದಿನಾ ಸುಮ್ನ ಕುಂತ ಬರೂಣು ನಡೀರಿ. ಅಂಕೋಲಾ ದಾಟಿ ಒಂದ ಊರೈತಿ. ಮಂದಿಯಿಲ್ಲ, ಗದ್ದಲಿಲ್ಲ. ಫೋನ್ ಹಚ್ಚಬೇಕಂದರ ಗುಡ್ಡಾ ಏರಬೇಕು.”

“ಸುಮ್ನ ಕುಂದರಾಕ ಅಷ್ಟ ದೂರ ಯಾಕ ಹೋಗಬೇಕು? ನಿಮ್ಮಪ್ಪ ದಿನಾ ಕಟ್ಟಿ ಮ್ಯಾಲ ಅದನ್ನ ಮಾಡತಾರ,” ಎಂದಳು ಚನ್ನವ್ವ.

ಹಾಗೆಂದವಳು ಎರಡು ದಿನ ಕೂತು ರೊಟ್ಟಿ ಬಡಿದಳು. ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಕೆಂಪು ಖಾರ, ಮೊಸರಿನ ಗಡಿಗೆ, ಸಾಲದ್ದಕ್ಕೆ ಕುಡಿಯುವ ನೀರಿನ ಎರಡು ಕ್ಯಾನು. ಉಳಿದುಕೊಳ್ಳುವ ಮನೆ ಮೀನು ಹಿಡಿಯುವವರದು ಎಂದು ಮಗಳು ಬಾಯಿ ತಪ್ಪಿ ಹೇಳಿಬಿಟ್ಟಿದ್ದಳು. ಅಲ್ಲಿಯ ಒಂದು ತೊಟ್ಟು ನೀರೂ ತನಗೆ ಬೇಡವೆಂದು ಚನ್ನವ್ವ ನಿರ್ಧಾರ ಮಾಡಿಯೇ ಕಾರು ಹತ್ತಿದಳು. ಕಿತ್ತೂರಿನಲ್ಲಿ ಹೆದ್ದಾರಿ ಸೇರಿ, ಧಾರವಾಡ ದಾಟಿ, ಘಟ್ಟದ ತಿರುವುಗಳಲ್ಲಿ ಒಮ್ಮೆ ವಾಂತಿ ಮಾಡಿ, ಮಗಳನ್ನು ಎರಡು ಸಲ ಬೈದು, ಇಳಿಹೊತ್ತಿಗೆ ಒಂದು ಗುಡ್ಡದ ನೆತ್ತಿಗೆ ಬಂದು ಮುಟ್ಟಿದರು. ಅಲ್ಲಿಂದ ಮುಂದೆ ಕಾರು ಬರುವುದಿಲ್ಲ. ಕಾಲುದಾರಿ.

ಗುಡ್ಡದ ಅಂಚಿಗೆ ಬಂದ ಚನ್ನವ್ವ ನಿಂತೇಬಿಟ್ಟಳು. ಎದುರಿಗೆ ಆಕಾಶ ಕೆಳಗಿನ ತನಕ ಇಳಿದು ಬಂದಿದೆ ಎಂದು ಮೊದಲು ಅನ್ನಿಸಿತು. ಆಮೇಲೆ ಆ ಆಕಾಶದ ಕೆಳಗಿನರ್ಧ ಅಲುಗಾಡುತ್ತಿರುವುದು ಕಾಣಿಸಿತು. ಮಳೆಗಾಲ ಕಳೆದ ಬಿಸಿಲು, ತೊಳೆದಿಟ್ಟ ಹಾಗಿತ್ತು. ಆ ಬಿಸಿಲಿನಲ್ಲಿ ಎಡಕ್ಕೆ ನೋಡಿದರೂ ನೀರು, ಬಲಕ್ಕೆ ನೋಡಿದರೂ ನೀರು, ಕಣ್ಣು ಹೋದಷ್ಟು ದೂರ ಹೋಗಿ ಸೋತು ಹಿಂದಕ್ಕೆ ಬರುತ್ತಿತ್ತು. ಅವಳಿಗೆ ಮೈ ಜುಮ್ಮೆಂದಿತು. ಹೆದರಿಕೆಯೋ ಭಕ್ತಿಯೋ ತಿಳಿಯದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಎಷ್ಟ ಕೂರಿಗಿ ಆದೀತಿದು?” ಎಂದ ಶಂಕರೆಪ್ಪ. ಹೊಲ ಅಳೆಯುವ ಲೆಕ್ಕ ಬಿಟ್ಟು ಬೇರೆ ಲೆಕ್ಕ ಗೊತ್ತಿಲ್ಲದ ಮನುಷ್ಯ.

“ಸುಮ್ನಿರ್ರಿ,” ಎಂದಳು ಚನ್ನವ್ವ. ಆ ಹೊತ್ತಿನಲ್ಲಿ ಮಾತಾಡುವುದೇ ತಪ್ಪು ಅನ್ನಿಸಿತ್ತು ಅವಳಿಗೆ.

ಗುಡ್ಡದ ಬುಡದಲ್ಲಿ ಮನೆಯ ಯಜಮಾನತಿ ದುರ್ಗಾ ಕಾದಿದ್ದಳು. ಮೂವತ್ತೈದು ದಾಟಿದ ಗಟ್ಟಿಮುಟ್ಟಾದ ಹೆಂಗಸು, ಗಂಡ ದೋಣಿಯ ಮೇಲೆ, ತಾನು ಮೀನು ಕೊಯ್ದು ಒಣಗಿಸಿ ಮಾರುವವಳು. ಬಂದವರಿಗೆಂದು ಬಾವಿಯಿಂದ ಆಗತಾನೆ ಸೇದಿದ ನೀರಿನ ಕೊಡ ಹಿಡಿದು ನಿಂತಿದ್ದಳು.

“ಬ್ಯಾಡ ತಂಗಿ, ನಮ್ಮ ನೀರ ನಾವು ತಂದೇವಿ,” ಎಂದಳು ಚನ್ನವ್ವ. ಮಾತು ಮೆತ್ತಗಿತ್ತು, ಕಾಲು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದಿತ್ತು. ಮಧು ನಾಚಿ ಕೆಳಗೆ ನೋಡಿದಳು. ದುರ್ಗಾ ಕೊಡವನ್ನು ತುಳಸಿಕಟ್ಟೆಯ ಬಳಿ ಇಳಿಸಿ, ಹಿತ್ತಿಲ ಕಡೆ ಇವರಿಗಾಗಿ ಬೇರೆಯೇ ಹೂಡಿಟ್ಟ ಒಲೆ ತೋರಿಸಿದಳು.

ಸಂಜೆ ಮರಳಿನ ಮೇಲೆ ಕೂತಾಗ ಚನ್ನವ್ವನ ಬಾಯಿಂದ ಒಂದು ಪ್ರಶ್ನೆ ಬಂತು. “ಅಲ್ಲ ತಂಗಿ, ರಾತ್ರಿ ಆದರ ನಿಂದರತೈತೇನ ಇದು?”

“ಎಂತದು? ತೆರೆಯಾ?” ದುರ್ಗಾ ನಕ್ಕಳು. “ಇಲ್ಲಮ್ಮ. ನಾನು ಹುಟ್ಟಿದ ಮೇಲೆ ಒಂದು ದಿನವೂ ನಿಂತದ್ದಿಲ್ಲ.”

ಚನ್ನವ್ವ ಆ ಉತ್ತರವನ್ನೇ ಮೆಲುಕು ಹಾಕುತ್ತ ಮಲಗಿದಳು. ಎತ್ತಿಗೂ ದಣಿವುಂಟು, ಎರೆಮಣ್ಣಿನ ಹೊಲವೂ ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಲಗುತ್ತದೆ. ಇದೊಂದು ಮಲಗುವುದೇ ಇಲ್ಲವೆಂದರೆ ಏನು ಮಾಡೋಣ. ಗೋಡೆಯಾಚೆ ಅದರ ಸದ್ದು ಕೇಳುತ್ತಲೇ ನಿದ್ದೆ ಬಂತು.

ಬೆಳಿಗ್ಗೆ ಸ್ನಾನ ಮುಗಿಸಿದವಳಿಗೆ ಒಳಗೆ ಕೂತು ಲಿಂಗಪೂಜೆ ಮಾಡಲು ಮನಸ್ಸೇ ಬರಲಿಲ್ಲ. ಅವಳ ಕೊರಳಲ್ಲಿದ್ದದ್ದು ಹುಟ್ಟಿದ ಕೆಲವೇ ದಿನಕ್ಕೆ ಮಠದ ಸ್ವಾಮಿ ಅಜ್ಜಾರು ಬಂದು ಕಟ್ಟಿದ ಲಿಂಗ. ನೇರಳೆ ಹಣ್ಣಿನಷ್ಟು ಗಾತ್ರ, ಅದೇ ಕಪ್ಪು, ಅದೇ ಹೊಳಪು. ಬೆಳ್ಳಿಯ ಪುಟ್ಟ ಕರಡಿಗೆಯೊಳಗೆ ಸದಾ ಎದೆಯ ಮೇಲಿರುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಕಣ್ಣು ಮಿಟುಕಿಸದೆ ನೋಡುತ್ತ ಕೂರಬೇಕು. ಅದರ ಮೇಲಿಂದ ಇಳಿದ ನೀರೇ ದಿನದ ಮೊದಲ ಗುಟುಕು. ಅದು ಗಂಟಲಿಗಿಳಿಯದೆ ಚಹಾ ಇಲ್ಲ, ರೊಟ್ಟಿ ಇಲ್ಲ, ಸಕ್ಕರೆ ಕಾಯಿಲೆಯ ಗುಳಿಗೆಯೂ ಇಲ್ಲ. ಬಾಣಂತನದಲ್ಲೂ ಇದು ತಪ್ಪಿರಲಿಲ್ಲ. ತಾನು ಸತ್ತ ದಿನ ಅದನ್ನು ಅಂಗೈಯಲ್ಲಿ ಇಟ್ಟೇ ತನ್ನನ್ನು ಮಣ್ಣಿಗೆ ಇಳಿಸುತ್ತಾರೆ ಎಂಬುದು ಅವಳ ಧೈರ್ಯ. ಬೇರೆಯವರು ಅದನ್ನು ಮುಟ್ಟುವಂತಿಲ್ಲ. ಕೈಹಿಡಿದ ಗಂಡನೂ ಮುಟ್ಟಿದವನಲ್ಲ.

“ಇಷ್ಟ ದೊಡ್ಡ ನೀರ ಎದುರಿಗಿದ್ದಾಗ ಒಳಗ ಯಾಕ ಕುಂದರಲಿ,” ಎಂದು ಹೊರಟಳು.

“ಉಪ್ಪನೀರಿನ್ಯಾಗ ದೇವರಿಗೆ ಜಳಕಾ ಮಾಡಸ್ತೀಯೇನ?” ಎಂದು ಶಂಕರೆಪ್ಪ ಹಾಸಿಗೆಯಿಂದಲೇ ಕೆಣಕಿದ.

ಮಲಪ್ರಭೆಯ ಮೆಟ್ಟಿಲ ಮೇಲೆ ಕೂತು ಎಷ್ಟೋ ಸಲ ಪೂಜೆ ಮಾಡಿದ ಹೆಂಗಸು ಅವಳು. ಹೊಳೆ ಮರ್ಯಾದಸ್ಥ. ಎಲ್ಲಿ ಕೂತಿರೋ ಅಲ್ಲಿ ಕೂರಗೊಡುತ್ತದೆ. ಆ ನಂಬಿಕೆಯ ಮೇಲೆಯೇ ಚನ್ನವ್ವ ಒದ್ದೆ ಮರಳಿನ ಮೇಲೆ, ಬಂಡೆಗಳ ಪಕ್ಕದಲ್ಲಿ, ಪದ್ಮಾಸನ ಹಾಕಿ ಕೂತು ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಕಡಲಿನ ಕಡೆ ನೋಡಲಿಲ್ಲ. ಲಿಂಗ ಕೈಯಲ್ಲಿರುವಾಗ ಬೇರೇನನ್ನೂ ನೋಡಬಾರದು. ಮೂರ್ನಾಲ್ಕು ತೆರೆ ದೂರದಲ್ಲೇ ಬಂದು ಹಿಂದಕ್ಕೆ ಹೋದವು. ಆಮೇಲೆ ಬಂದದ್ದು ಹಾಗೆ ಹೋಗಲಿಲ್ಲ. ಎದೆಯ ಮಟ್ಟ ಎದ್ದು ಬಂದು ಅವಳನ್ನು ಮಗ್ಗುಲಿಗೆ ಕೆಡವಿ, ಉರುಳಿಸಿ, ಮೂಗು ಬಾಯಿಗೆಲ್ಲ ಉಪ್ಪು ತುಂಬಿ, ಎಳೆದುಕೊಂಡು ಹಿಂದೆ ಸರಿಯಿತು. ಎದ್ದು ಕೂತಾಗ ಎಡ ಅಂಗೈಯಲ್ಲಿ ಒಂದಿಷ್ಟು ಮರಳಿತ್ತು.

ಮಧು ಓಡಿ ಬಂದಾಗ ಅವ್ವ ಎರಡೂ ಕೈಯಿಂದ ಮರಳು ಬಗೆಯುತ್ತಿದ್ದಳು. ಅಳುತ್ತಿರಲಿಲ್ಲ. “ಹೋತು, ಹೋತು,” ಅನ್ನುತ್ತಿದ್ದಳು, ಅಷ್ಟೇ. ಬರಿದಾದ ಕರಡಿಗೆ ಬಾಯಿ ತೆರೆದುಕೊಂಡು ಎದೆಯ ಮೇಲೆ ನೇತಾಡುತ್ತಿತ್ತು.

ದುರ್ಗಾ ಬಂದಳು, ಅಕ್ಕಪಕ್ಕದ ಮನೆಯವರೂ ಬಂದರು. ಕಳೆದದ್ದು ಏನು ಎಂದು ಮಧು ಬಿಡಿಸಿ ಹೇಳಿದಳು. “ಅದು ಅವ್ವನ ಜೀವ ಇದ್ದಂಗ. ಬ್ಯಾರೆದವರು ಮುಟ್ಟಂಗಿಲ್ಲ.” ದುರ್ಗಾ ತಲೆಯಾಡಿಸಿ ತನ್ನವರ ಕಡೆ ತಿರುಗಿದಳು. “ಕಂಡ್ರೆ ಕೂಗಿ. ಯಾರೂ ಮುಟ್ಬೇಡಿ. ಅದು ಅವರ ದೇವರು.”

ಮಧ್ಯಾಹ್ನ ನೀರು ಇಳಿಯಿತು. ಬೆಳಿಗ್ಗೆ ಕಡಲು ಇದ್ದ ಜಾಗದಲ್ಲಿ ಈಗ ನೆಲ. ಹಾಸಿದ ಜಮಖಾನೆಯನ್ನು ಯಾರೋ ಎಳೆದುಕೊಂಡು ಹೋದ ಹಾಗೆ ಅಷ್ಟು ದೊಡ್ಡ ನೀರು ಸರಿದು ಹೋಗಿ ಬಂಡೆಗಳು, ಕುಳಿಗಳು, ಹಸಿರು ಪಾಚಿ, ಓಡಾಡುವ ಏಡಿಗಳು ಎಲ್ಲ ಬಯಲಾಗಿದ್ದವು. ಅಂಥ ದುಃಖದಲ್ಲೂ ಚನ್ನವ್ವ ಬೆರಗಾದಳು. ಕಡಲಿಗೂ ಒಂದು ಅಂಗಳವಿದೆ, ಅದನ್ನು ದಿನಾ ತೆರೆದು ತೋರಿಸಿ ಮತ್ತೆ ಮುಚ್ಚುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರು? ಊರಿಗೆ ಊರೇ ಬಗ್ಗಿ ಹುಡುಕಿತು. ಕಪ್ಪು ಹರಳುಗಳು ಸಿಕ್ಕವು, ಚಿಪ್ಪುಗಳು ಸಿಕ್ಕವು. ನೀರು ಏರುವ ಹೊತ್ತಿಗೆ ಎಲ್ಲರೂ ಬರಿಗೈಯಲ್ಲಿ ಹಿಂತಿರುಗಿದರು.

ಚನ್ನವ್ವ ನೀರು ಮುಟ್ಟಲಿಲ್ಲ.

ಮಧು ಗುಡ್ಡ ಹತ್ತಿ ಮಠಕ್ಕೆ ಫೋನ್ ಮಾಡಿ, ಅಜ್ಜಾರು ಹೇಳಿದ್ದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡು ಬಂದು ಅವ್ವನ ಕಿವಿಗೆ ಹಿಡಿದಳು. ‘ಚನ್ನವ್ವಾ, ನೀರು ಕುಡಿ. ಗಾಬರಿ ಆಗಬ್ಯಾಡ. ಮಠಕ್ಕ ಬಾ, ಹೊಸಾದು ಕಟ್ಟೋಣು’ ಎಂದಿದ್ದರು ಅಜ್ಜಾರು. ಚನ್ನವ್ವ ಕೈಮುಗಿದೇ ಕೇಳಿಸಿಕೊಂಡಳು.

“ಅಜ್ಜಾರ ಮನಸ್ಸು ದೊಡ್ಡದು. ಅವರು ಹಂಗಽ ಅಂತಾರ,” ಎಂದಳು. “ಹೊಸಾದು ಬರತೈತಿ ಖರೆ. ಆದರ ಹುಟ್ಟಿದಾಗಿಂದ ನನ್ನ ಕೂಡ ಇದ್ದದ್ದು ಅಲ್ಲೆಲ್ಲೋ ಒಬ್ಬಂಟಿ ಬಿದ್ದಿರಬೇಕಾದರ ನಾ ಹೆಂಗ ನೀರ ನುಂಗಲಿ? ನೀರ ಮೊದಲ ಅದರ ಮ್ಯಾಲ ಬೀಳಬೇಕು, ಆಮ್ಯಾಲ ನನಗ.”

“ಯವ್ವಾ, ನಿನಗ ಸಕ್ಕರಿ ಐತಿ. ತಲಿ ತಿರಗಿ ಬಿದ್ದರ ಇಲ್ಲಿ ದವಾಖಾನಿ ಸೈತ ಇಲ್ಲ.”

“ಬಿದ್ದರ ಬೀಳತೇನಿ.”

ಮಧುವಿಗೆ ಸಿಟ್ಟು ಬಂತು, ಅಳು ಬಂತು. ತಾನೇ ಕರೆದುಕೊಂಡು ಬಂದೆ, ತಾನೇ ಅವ್ವನನ್ನು ಕೊಂದೆ ಎಂದು ಅವಳ ಮನಸ್ಸು ಹೇಳತೊಡಗಿತು. ಅಪ್ಪನಾದರೂ ಬುದ್ಧಿ ಹೇಳಲೆಂದು ಒಳಗೆ ಹೋದರೆ, ಬೆಳಿಗ್ಗೆ ಅವನಿಗೆಂದು ಹಾಕಿಟ್ಟ ತಾಟಿನಲ್ಲಿ ರೊಟ್ಟಿ ಹಾಗೇ ಇತ್ತು. ಊಟದ ಹೊತ್ತು ಒಂದು ಗಳಿಗೆ ತಪ್ಪಿದರೆ ಮನೆ ತಲೆಯ ಮೇಲೆ ಹೊರುವ ಗಿರಾಕಿ ಶಂಕರೆಪ್ಪ.

“ಹಸಿವಿಲ್ಲ,” ಎಂದ. ಮಗಳ ಮುಖ ನೋಡಲಿಲ್ಲ. ಮಧು ತಾಟು ಮುಚ್ಚಿಟ್ಟಳು.

ಆ ಹೊತ್ತಿನಿಂದ ಅವನ ಕೈಗೆ ಒಂದು ನೀರಿನ ಬಾಟಲಿ ಬಂತು. ಹೆಂಡತಿ ಎದ್ದರೆ ಬಾಟಲಿಯೂ ಎದ್ದಿತು, ಕೂತರೆ ಕೂತಿತು. ಕುಡಿ ಎಂದು ಒಮ್ಮೆಯೂ ಅನ್ನಲಿಲ್ಲ. ಅಂದರೆ ಬೈಸಿಕೊಳ್ಳಬೇಕೆಂದು ಅಷ್ಟು ವರ್ಷದ ಸಂಸಾರದಲ್ಲಿ ಕಲಿತಿದ್ದ.

ಹೊತ್ತು ಇಳಿಯುವಾಗ ಚನ್ನವ್ವ ಗಾಳಿಮರದ ಕೆಳಗೆ ಕೂತು ಕಡಲನ್ನು ನೇರವಾಗಿ ನೋಡಿದಳು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು. ಬೈಯಬೇಕೆಂದೇ ಕೂತಿದ್ದಳು.

“ಇಷ್ಟ ದೊಡ್ಡಾಂವ ಇದ್ದೀ,” ಎಂದಳು ಅದಕ್ಕೆ. “ನನ್ನ ಇಷ್ಟೀಟದ್ದು ಯಾಕ ಬೇಕಾತು ನಿನಗ?”

ಸೂರ್ಯ ನೀರಿಗೆ ಮುಟ್ಟಿದ. ಮುಟ್ಟಿದ ಕಡೆಯಿಂದ ಅವಳ ಕಾಲಿನವರೆಗೆ ಒಂದು ಕೆಂಪು ದಾರಿ ಬಿತ್ತು. ಸೂರ್ಯನಷ್ಟು ಸೂರ್ಯನನ್ನೇ ಸದ್ದಿಲ್ಲದೆ ನುಂಗಿ, ಏನೂ ಆಗಿಲ್ಲವೆಂಬಂತೆ ತೆರೆಗಳು ಬರುತ್ತಲೇ ಇದ್ದವು. ಬೈಗುಳ ಚನ್ನವ್ವನ ಬಾಯಲ್ಲೇ ಉಳಿಯಿತು. ಲೋಕಕ್ಕೆಲ್ಲ ದೊಡ್ಡವನಾದವನು ನನ್ನ ಸಲುವಾಗಿ ಸಣ್ಣವನಾಗಿ ಅಂಗೈಗೆ ಬಂದಿದ್ದಾನೆ ಎಂದು ಚಿಕ್ಕಂದಿನಿಂದ ಕೇಳುತ್ತ ಬಂದವಳು ಅವಳು. ಸಣ್ಣವನಾದದ್ದನ್ನು ದಿನಾ ನೋಡಿದ್ದಳು. ಎಷ್ಟು ದೊಡ್ಡದರಿಂದ ಸಣ್ಣವನಾದ ಎಂಬುದನ್ನು ಇವತ್ತೇ ನೋಡಿದ್ದು. ಆ ಬೆರಗಿನಲ್ಲಿ ಅವಳ ಸಿಟ್ಟೆಲ್ಲ ಇಳಿದು ಹೋಯಿತು, ದುಃಖ ಮಾತ್ರ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವಳಿಗೆ ನಿಂತರೆ ಕಣ್ಣು ಕತ್ತಲು ಕಟ್ಟುತ್ತಿತ್ತು. ಮಧು ಇನ್ನು ಯಾರ ಮಾತೂ ಕೇಳುವುದಿಲ್ಲವೆಂದು ಸಾಮಾನು ಕಟ್ಟತೊಡಗಿದಳು. ಮಧ್ಯಾಹ್ನ ಹೊರಟು ನೇರ ಮುರಗೋಡದ ಮಠಕ್ಕೆ, ದಾರಿಯಲ್ಲಿ ಎಚ್ಚರ ತಪ್ಪಿದರೆ ದವಾಖಾನೆಗೆ. ಹೊರಡುವ ಮುನ್ನ ಒಮ್ಮೆ ಕಡಲಿಗೆ ಕೈಮುಗಿದು ಬರುತ್ತೇನೆಂದು ಚನ್ನವ್ವ ಗಂಡನ ಹೆಗಲು ಹಿಡಿದು ಮರಳಿಗೆ ಬಂದಳು.

ಆಗಲೇ ದುರ್ಗಾಳ ಕೂಗು ಕೇಳಿಸಿತು.

ನೀರು ಇಳಿದಾಗ ಬಂಡೆಗೆ ಅಂಟಿದ ಚಿಪ್ಪಿ ಕೆತ್ತಲು ದುರ್ಗಾ ಆಚೆ ಬಂಡೆಗಳ ಕಡೆ ಹೋಗಿದ್ದಳು. ಕೆತ್ತುವುದಕ್ಕಿಂತ ಹೆಚ್ಚು ಹುಡುಕುತ್ತಿದ್ದಳು ಎಂಬುದು ಬುಟ್ಟಿ ನೋಡಿದರೆ ತಿಳಿಯುತ್ತಿತ್ತು, ಬುಟ್ಟಿ ಖಾಲಿ. ಈಗ ಅವಳು ಒಂದು ಕುಳಿಯ ಎರಡೂ ಬದಿಗೆ ಕಾಲಿಟ್ಟು, ಬೆನ್ನನ್ನು ತೆರೆಗಳಿಗೆ ಕೊಟ್ಟು, ಅಡ್ಡಗೋಡೆಯ ಹಾಗೆ ನಿಂತಿದ್ದಳು.

“ಇಲ್ಲಿ ಅದೆ ಅಮ್ಮಾ, ಇಲ್ಲೇ ಅದೆ. ನಾನು ಮುಟ್ಟಲಿಲ್ಲ. ಬೇಗ ಬನ್ನಿ.”

ಚನ್ನವ್ವನಿಗೆ ಎಲ್ಲಿಂದ ಬಲ ಬಂತೋ, ಗಂಡನನ್ನೇ ಎಳೆದುಕೊಂಡು ಹೋದಳು. ಮರಳು ಮುಗಿದು ಬಂಡೆ ಶುರುವಾಗುವಲ್ಲಿ ಇಬ್ಬರೂ ನಿಲ್ಲಬೇಕಾಯಿತು. ನೀರು ಏರಲು ತೊಡಗಿತ್ತು. ಒಂದು ಗಂಟೆಯ ಹಿಂದೆ ದುರ್ಗಾ ನಡೆದು ದಾಟಿದ ತಗ್ಗಿನಲ್ಲಿ ಈಗ ಸೊಂಟಮಟ್ಟದ ನೀರು ಸುಳಿಯುತ್ತಿತ್ತು. ಇಬ್ಬರಿಗೂ ಈಜು ಗೊತ್ತಿಲ್ಲ. ಶಂಕರೆಪ್ಪ ಧೋತರ ಮೇಲೆ ಕಟ್ಟಿ ಒಂದು ಹೆಜ್ಜೆ ಇಟ್ಟ, ನೀರು ಅವನ ಕಾಲನ್ನೇ ಕಿತ್ತಿತು, ಚನ್ನವ್ವ ಅಂಗಿ ಹಿಡಿದು ಎಳೆಯದಿದ್ದರೆ ಅವನೂ ಹೋಗುತ್ತಿದ್ದ.

ಆಚೆ ದುರ್ಗಾಳ ಬೆನ್ನಿಗೆ ಒಂದು ತೆರೆ ಬಡಿಯಿತು. ಅವಳು ಅಲುಗಿದಳು, ಕಾಲು ಕೀಳಲಿಲ್ಲ. ಇನ್ನೊಂದು ಬಡಿಯಿತು.

“ಅಮ್ಮಾ, ಕುಳಿ ತುಂಬ್ತಾ ಅದೆ. ಎಂತ ಮಾಡ್ಲಿ ಹೇಳಿ.”

ಚನ್ನವ್ವ ಹೇಳಬೇಕಾದದ್ದು ಎತ್ತಿಕೋ ಎನ್ನುವುದೊಂದೇ ಮಾತು. ಆದರೆ ಆ ಮಾತು ಅವಳ ಅವ್ವ ಹೇಳಿದವಳಲ್ಲ, ಅತ್ತೆ ಹೇಳಿದವಳಲ್ಲ. ಹೇಳದೆ ನಿಂತರೆ ಮುಂದಿನ ತೆರೆಗೆ ಅದು ಹೋಗುತ್ತದೆ, ಈ ಸಲ ಹೋದದ್ದು ತಿರುಗಿ ಬರುವುದಿಲ್ಲ. ಮೊನ್ನೆ ಯಾರ ಕೈಯ ಕೊಡದ ನೀರಿಗೆ ತಾನು ಎರಡು ಹೆಜ್ಜೆ ಹಿಂದೆ ಸರಿದಿದ್ದಳೋ ಅವಳೇ ಅಲ್ಲಿ, ತನ್ನ ಲಿಂಗಕ್ಕೆ ಕಾವಲಾಗಿ, ಪೆಟ್ಟು ತಿನ್ನುತ್ತ ನಿಂತಿದ್ದಾಳೆ. ಮುಟ್ಟಬೇಡಿ ಎಂದ ಒಂದು ಮಾತಿಗೆ ಇಷ್ಟು ಬೆಲೆ ಕೊಟ್ಟು ನಿಂತವಳು. ಚನ್ನವ್ವನಿಗೆ ತನ್ನ ಬಗ್ಗೆ ನಾಚಿಕೆಯಾಯಿತು.

“ಎತ್ಕೊ ನನ್ನವ್ವಾ,” ಎಂದಳು. ಗಂಟಲು ಒಣಗಿ ದನಿ ಹೊರಡಲಿಲ್ಲ. ಶಂಕರೆಪ್ಪ ಅದನ್ನೇ ಗಟ್ಟಿಯಾಗಿ ಕೂಗಿದ. “ಎತ್ಕೊ ಅಂತಾಳ.”

“ಮೀನು ಕೊಯ್ದ ಕೈ ಅಮ್ಮಾ ಇದು.”

“ಇರಲಿ. ಎಡಗೈಯಾಗ ತಗೋ. ಅಂಗೈ ಮ್ಯಾಲ ಇಟ್ಕೋ. ಬ್ಯಾಡ ಬ್ಯಾಡ, ಮುಷ್ಟಿ ಮಾಡು, ಬಿಗಿ ಹಿಡಿ.” ಒಣಗಿದ ಗಂಟಲಿನಿಂದಲೇ ಈ ಸಲ ಚನ್ನವ್ವ ಕೂಗಿದಳು.

ದುರ್ಗಾ ಬಗ್ಗಿದಳು. ಅಷ್ಟರಲ್ಲಿ ದೊಡ್ಡ ತೆರೆಯೊಂದು ಅವಳ ಮೇಲೆ ಹಾದು ಬಂಡೆಯನ್ನೆಲ್ಲ ಬಿಳಿ ನೊರೆ ಮಾಡಿತು. ಅವಳು ಕಾಣಲಿಲ್ಲ. ನೊರೆ ಇಳಿದಾಗ ಮೊದಲು ಕಂಡದ್ದು ಎತ್ತಿ ಹಿಡಿದ ಒಂದು ಎಡ ಮುಷ್ಟಿ, ಆಮೇಲೆ ದುರ್ಗಾಳ ತಲೆ. ಒಂದೇ ಕೈಯಲ್ಲಿ ಈಜಿ, ಮುಷ್ಟಿ ನೀರಿಗೆ ತಾಗದಂತೆ ತಗ್ಗು ದಾಟಿ ಬಂದು, ಮರಳಿನ ಮೇಲೆ ಮಂಡಿಯೂರಿ ಕೂತು ಅವಳು ಕೈ ಬಿಚ್ಚಿದಳು.

ಚನ್ನವ್ವ ಎದುರಿಗೆ ಕುಸಿದು ಕೂತಳು. ಮೀನಿನ ಮುಳ್ಳು ಗೀರಿ ಗೀರಿ, ಬಲೆಯ ಹಗ್ಗ ಉಜ್ಜಿ ಉಜ್ಜಿ ಆ ಅಂಗೈ ತುಂಬ ಗೆರೆಗಳಾಗಿದ್ದವು. ಅದರ ನಡುವೆ ಅವಳ ಲಿಂಗ, ಒಂದು ಗೀರೂ ಇಲ್ಲದೆ ಹೊಳೆಯುತ್ತ ಕೂತಿತ್ತು. ದುರ್ಗಾಳ ಹೆಗಲ ಹಿಂದೆ ಕಡಲು ಕಣ್ಣು ಹೋದಷ್ಟು ದೂರ ಎದ್ದು ಬೀಳುತ್ತಿತ್ತು. ಬೆಳಗಿನ ಪೂಜೆಯಲ್ಲಿ ದಿನಾ ನೋಡುತ್ತಿದ್ದ ಹಾಗೆಯೇ ಚನ್ನವ್ವ ಕಣ್ಣು ಮಿಟುಕಿಸದೆ ನೋಡಿದಳು. ಇಷ್ಟು ದಿನ ತನ್ನದೊಂದೇ ಅಂಗೈಗೆ ಬಂದಿದ್ದಾನೆ ಎಂದುಕೊಂಡಿದ್ದಳು ಅವಳು.

“ತಗೊಳ್ಳಿ ಅಮ್ಮಾ,” ಎಂದಳು ದುರ್ಗಾ, ಏದುಸಿರು ಬಿಡುತ್ತ.

ಚನ್ನವ್ವ ತೆಗೆದುಕೊಳ್ಳಲಿಲ್ಲ. ಗಂಡನ ಕಡೆ ನೋಡದೆಯೇ ಹೇಳಿದಳು. “ನೀರ ಹಾಕ್ರಿ.”

ಶಂಕರೆಪ್ಪ ಬಾಟಲಿಯ ಮುಚ್ಚಳ ತೆಗೆದ. “ಎಲ್ಲಿ ಹಾಕಲಿ?”

“ಇಲ್ಲೆ. ಇಕಿ ಕೈಯಾಗ, ದೇವರ ಮ್ಯಾಲ.”

ನೀರು ಮೊದಲು ಹೊರಗೆ ಚೆಲ್ಲಿತು, ಆಮೇಲೆ ಸರಿಯಾಗಿ ಬಿತ್ತು. ದುರ್ಗಾ ಏನೆಂದು ತಿಳಿಯದೆ, ಆದರೂ ಕೈ ಅಲುಗಿಸದೆ ಕೂತಿದ್ದಳು. ಚನ್ನವ್ವ ಅವಳ ಕೈಯ ಕೆಳಗೆ ಬೊಗಸೆ ಒಡ್ಡಿ, ಆ ಬೆರಳುಗಳ ಸಂದಿಯಿಂದ ಇಳಿದ ನೀರನ್ನು ಹಿಡಿದುಕೊಂಡು ಕುಡಿದಳು.